ಮಾರ್ಷಲ್ ಪ್ರಿಸೆಟ್ ಹಾಕಿದರೂ ಜೀರುಂಡೆ ಸದ್ದೇಕೆ?

ಪ್ರಶ್ನೆ: ಆಂಪ್ ಮಾಡೆಲರ್ (ಹೆಸರಾಂತ ಗಿಟಾರ್ ಆಂಪ್‌ಗಳ ಸದ್ದನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆ) ತಗೊಂಡು ಎರಡು ತಿಂಗಳಾಯ್ತು ಅಣ್ಣ. ಮಾರ್ಷಲ್, ವಾಕ್ಸ್, ಫೆಂಡರ್ ಆಂಪ್ ಎಲ್ಲದರ ಪ್ರಿಸೆಟ್ಟೂ (ಸಿದ್ಧ ಸೆಟ್ಟಿಂಗ್) ಇದೆ. ಆದರೂ ಅರವತ್ತು, ಎಪ್ಪತ್ತರ ದಶಕದ ರೆಕಾರ್ಡುಗಳ ಟೋನ್ ಬರ್ತಾನೇ ಇಲ್ಲ. ಗೇನ್ (ಸದ್ದನ್ನು ಒಡೆಸುವ ನಾಬ್) ಏರಿಸಿದಷ್ಟೂ ಜೀರುಂಡೆ ಕೂಗಿದ ಹಾಗಾಗುತ್ತೆ. ಇನ್ನೂ ದುಬಾರಿದು ತಗೋಬೇಕಾ? (ವಿರಾಜಪೇಟೆಯ ಓದುಗರೊಬ್ಬರು)

ಬೇಡ. ದುಡ್ಡು ಜೇಬಿನಲ್ಲೇ ಇರಲಿ.

ಇಂಥ ಪ್ರಶ್ನೆ ನನಗೆ ಬರುವುದು ಹೆಚ್ಚಾಗಿ ಜೂನ್, ಜುಲೈನಲ್ಲಿ. ಮದುವೆ ಸೀಸನ್ ಮುಗಿದಿರುತ್ತೆ, ಹೊರಗೆ ಕಾಲಿಡಲಾಗದ ಮಳೆ, ಗಿಟಾರ್ ಇರುವವರೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ. ನೀವು ಕಳಿಸಿದ ಸ್ಕ್ರೀನಿನ ಫೋಟೋ ನೋಡಿದೆ. ಮೊದಲು ಡ್ರೈವ್ ಪೆಡಲ್, ಆಮೇಲೆ ಆಂಪ್, ಅದರಾಚೆ ಡಿಲೇ, ರಿವರ್ಬ್. ಮಧ್ಯದ ಕ್ಯಾಬಿನೆಟ್ ಬ್ಲಾಕ್ (ಆಂಪಿನ ಸ್ಪೀಕರ್ ಪೆಟ್ಟಿಗೆಯ ನಕಲು) ಮಾತ್ರ ಬೂದು ಬಣ್ಣಕ್ಕೆ ತಿರುಗಿದೆ, ಅಂದರೆ ಆಫ್. 'ಅದು ಹಾಕಿದ್ರೆ ಸೌಂಡ್ ಮಂಕಾಗುತ್ತೆ' ಅಂತ ಕೆಳಗೆ ಬರೆದಿದ್ದೀರಿ. ನಿಮ್ಮ ಜೀರುಂಡೆ ಅಲ್ಲೇ ಕೂತಿದೆ.

ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಹೋಮ್ ಥಿಯೇಟರಿನ ಸ್ಪೀಕರಿನಂತಲ್ಲ. ಅದಕ್ಕೆ ಟ್ವೀಟರ್, ಅಂದರೆ ಚೂಪು ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರ್, ಇರುವುದಿಲ್ಲ. ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಅದು ಕೈಚೆಲ್ಲುತ್ತದೆ. ಡಿಸ್ಟಾರ್ಷನ್ ಆದಾಗ, ಅಂದರೆ ಸದ್ದು ಒಡೆದಾಗ, ತಂತಿಯ ಸ್ವರದ ಮೇಲೆ ಹೊಸ ಹಾರ್ಮೋನಿಕ್ಸ್ (ಉಪಸ್ವರಗಳ) ರಾಶಿ ಹುಟ್ಟುತ್ತದೆ, ಅದು 10 ಕಿಲೋಹರ್ಟ್ಸಿನ ಆಚೆಗೂ ಹರಡುತ್ತದೆ. ಸ್ಪೀಕರಿನ ಕಾಗದದ ಕೋನ್ ಅದನ್ನೆಲ್ಲ ಸೋಸಿ ಕೊಡುತ್ತದೆ. ನೀವು ಸೋಸದ ಕಾಫಿಯನ್ನು ಗಸಿ ಸಮೇತ ಕುಡಿಯುತ್ತಿದ್ದೀರಿ. ಹೆಡ್‌ಫೋನ್ 20 ಕಿಲೋಹರ್ಟ್ಸಿನವರೆಗೂ ಏನನ್ನೂ ಬಿಡದೆ ಕಿವಿಗೆ ಹಾಕುತ್ತದೆ ಬೇರೆ.

ಸ್ಪೀಕರಿನದು ಎಷ್ಟು ದೊಡ್ಡ ಪಾಲು ಅನ್ನುವುದಕ್ಕೆ ಮಾರ್ಷಲ್ ಹುಟ್ಟಿದ ಕಥೆಯೇ ಸಾಕು. 1962ರಲ್ಲಿ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವನ ಹುಡುಗರು ಜೆಟಿಎಂ45 ಮಾಡಿದಾಗ ಸರ್ಕ್ಯೂಟನ್ನು ಹೆಚ್ಚುಕಮ್ಮಿ ಹಾಗೆಹಾಗೇ ಎತ್ತಿಕೊಂಡದ್ದು ಅಮೆರಿಕದ ಫೆಂಡರ್ ಬಾಸ್‌ಮನ್‌ನಿಂದ. ವಾಲ್ವ್, ಟ್ರಾನ್ಸ್‌ಫಾರ್ಮರ್‌ಗಳಲ್ಲಿ ವ್ಯತ್ಯಾಸ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬಾಸ್‌ಮನ್‌ನಲ್ಲಿದ್ದದ್ದು ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ನಾಲ್ಕು 10 ಇಂಚಿನ ಸ್ಪೀಕರ್. ಮಾರ್ಷಲ್ ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು 12 ಇಂಚಿನ ಸೆಲೆಶನ್ ಸ್ಪೀಕರ್ ಕೂರಿಸಿದ. ಒಂದರ ಹೆಸರು ಕೇಳಿದರೆ ಮಿಣಮಿಣ ಮಿಂಚುವ ಅಮೆರಿಕನ್ ಸದ್ದು ನೆನಪಾಗುತ್ತದೆ, ಇನ್ನೊಂದರದ್ದು ಬ್ರಿಟಿಷ್ ರಾಕ್‌ನ ಗಂಟಲು. ನೀವು ಆಂಪ್ ಮಾಡೆಲನ್ನು ಹತ್ತು ಸಲ ಬದಲಾಯಿಸಿದರೂ ಆಗದ ವ್ಯತ್ಯಾಸ ಕ್ಯಾಬಿನೆಟ್ ಒಂದನ್ನು ಬದಲಿಸಿದರೆ ಆಗುತ್ತದೆ.

ಹಾಗಾದರೆ ಮಂಕು ಯಾಕೆ? ಮದುವೆ ಮನೆಯಲ್ಲಿ ವಾಲಗದವರ ಪಕ್ಕದಲ್ಲೇ ನಿಂತು ಕುಣಿಯುವಾಗ ಎದೆಗೆ ಬಡಿಯುವ ಸದ್ದು ಬೇರೆ, ಅದೇ ವಾಲಗ ಗದ್ದೆಯಾಚೆಯ ಮನೆಯ ಜಗಲಿಗೆ ಕೇಳುವುದು ಬೇರೆ. ರೆಕಾರ್ಡಿನಲ್ಲಿ ನಮಗೆ ಸಿಕ್ಕಿದ್ದು ಕೋಣೆಯಲ್ಲಿದ್ದ ಆಂಪ್ ಅಲ್ಲ, ಸ್ಪೀಕರಿನ ಬಟ್ಟೆಗೆ ಮೂಗು ತಾಗಿಸಿಟ್ಟ ಮೈಕಿಗೆ ಕೇಳಿಸಿದ ಸದ್ದು. ಕ್ಯಾಬಿನೆಟ್ ಬ್ಲಾಕ್ ಕೊಡುವುದೂ ಅದನ್ನೇ. ಅದರೊಳಗಿನ ಇಂಪಲ್ಸ್ ರೆಸ್ಪಾನ್ಸ್, ನಾವೆಲ್ಲ ಐಆರ್ ಅನ್ನುವುದು, ಒಂದು ಪುಟ್ಟ ಆಡಿಯೋ ಫೈಲು. 48 ಕಿಲೋಹರ್ಟ್ಸಿನಲ್ಲಿ 2048 ಸ್ಯಾಂಪಲ್ ಅಂದರೆ ಹತ್ತಿರ ಹತ್ತಿರ 43 ಮಿಲಿಸೆಕೆಂಡ್, ಅಷ್ಟೇ. ಆ ಸ್ಪೀಕರ್, ಆ ಪೆಟ್ಟಿಗೆ, ಆ ಮೈಕು, ಮೈಕು ನಿಂತ ಜಾಗ ಎಲ್ಲದರ ಅಚ್ಚು ಅದರಲ್ಲಿ ಒತ್ತಿರುತ್ತದೆ. ಮೊದಲ ಸಲ ಕೇಳಿದಾಗ ಮಂಕು ಅನ್ನಿಸುವುದು ಸಹಜ, ಎರಡು ತಿಂಗಳು ಕಿವಿ ಜೀರುಂಡೆಗೆ ಒಗ್ಗಿಹೋಗಿದೆಯಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ.

ಈಗ ಮೈಕನ್ನು ಜರುಗಿಸಿ. ಎಸ್‌ಎಂ57 ಆರಿಸಿಕೊಳ್ಳಿ, 1965ರಿಂದ ಇರುವ ಮೈಕು, ಗಿಟಾರ್ ಕ್ಯಾಬಿನೆಟ್ ಎದುರು ಮೊದಲು ಕೈ ಹೋಗುವುದೇ ಅದಕ್ಕೆ. ಕೋನ್‌ನ ಮಧ್ಯದ ಗುಬ್ಬಿಗೆ ನೇರ ಇಟ್ಟರೆ ಸದ್ದು ಚೂಪು, ಅಂಚಿನ ಕಡೆಗೆ ಒಂದು ಇಂಚು ಸರಿಸಿದರೆ ದುಂಡಗಾಗುತ್ತದೆ. ಹತ್ತಿರ ತಂದಷ್ಟೂ ಬೇಸ್ ಉಬ್ಬುತ್ತದೆ. ಈಕ್ವಲೈಜರಿನಲ್ಲಿ ಗಂಟೆಗಟ್ಟಲೆ ಒದ್ದಾಡುವುದಕ್ಕಿಂತ ಈ ಒಂದು ಇಂಚು ಮೇಲು. ಆಮೇಲೂ ಚುಚ್ಚಿದರೆ ಹೈ ಕಟ್ (ಮೇಲಿನ ಸದ್ದು ಕತ್ತರಿಸುವುದು) 7 ಕಿಲೋಹರ್ಟ್ಸ್ ಸುತ್ತಮುತ್ತ, ಲೋ ಕಟ್ (ಕೆಳಗಿನದನ್ನು) 80ರಿಂದ 100 ಹರ್ಟ್ಸ್. ಗಿಟಾರಿನ ದಪ್ಪ ತಂತಿಯೇ 82 ಹರ್ಟ್ಸ್, ಅದರ ಕೆಳಗಿರುವುದೆಲ್ಲ ಬರೀ ಗುಡುಗುಡು.

ಇನ್ನು ಗೇನ್. ನಿಮ್ಮ ಪರದೆಯಲ್ಲಿ ಅದು 8ರಲ್ಲಿದೆ, ಮಾಸ್ಟರ್ (ಆಂಪಿನ ಒಟ್ಟು ಸದ್ದಿನ ನಾಬ್) 3ರಲ್ಲಿ. ತಿರುವುಮುರುವು ಮಾಡಿ. ಮಾರ್ಷಲ್ ಸೂಪರ್ ಲೀಡ್, ಮಾದರಿ ಸಂಖ್ಯೆ 1959 (ಇದನ್ನು ಇಸವಿ ಅಂದುಕೊಂಡು ಜಗಳ ಆಡಿದವರಿದ್ದಾರೆ, ಆಂಪ್ ಬಂದದ್ದು 1965ರಲ್ಲಿ), ಅದಕ್ಕೆ ಮಾಸ್ಟರ್ ವಾಲ್ಯೂಮೇ ಇರಲಿಲ್ಲ. ಮಾಸ್ಟರ್ ಇರುವ 2203 ಬಂದದ್ದು 1975ರಲ್ಲಿ. ಅದಕ್ಕಿಂತ ಮುಂಚೆ ಸದ್ದು ಒಡೆಯಬೇಕಾದರೆ 100 ವ್ಯಾಟಿನ ಆಂಪನ್ನು ಕಿವಿ ಹರಿಯುವಷ್ಟು ಏರಿಸಲೇಬೇಕಿತ್ತು. 1966ರಲ್ಲಿ ಜಾನ್ ಮೇಯಾಲ್ ತಂಡದ ಜೊತೆ ಎರಿಕ್ ಕ್ಲಾಪ್ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಕಾಂಬೋಗೆ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಹಾಕಿ ಸ್ಟುಡಿಯೋದಲ್ಲೂ ವೇದಿಕೆಯಷ್ಟೇ ಜೋರಾಗಿ ನುಡಿಸುತ್ತೇನೆ ಅಂತ ಹಟ ಹಿಡಿದದ್ದು ಅದಕ್ಕೇ. ಅಲ್ಲಿ ಒಡೆಯುತ್ತಿದ್ದದ್ದು ಮೊದಲ ಹಂತದ ಪ್ರಿಆಂಪ್ ಒಂದೇ ಅಲ್ಲ, ದೊಡ್ಡ ಪವರ್ ವಾಲ್ವುಗಳೂ. ಆ ಒಡಕು ಮೆತ್ತಗೆ, ಬೆರಳಿಗೆ ಮಾತು ಕೊಡುವಂಥದ್ದು. ಮಾಡೆಲರಿನಲ್ಲಿ ಮಾಸ್ಟರ್ 8ಕ್ಕೆ ಏರಿಸಿ ಗೇನ್ 4ಕ್ಕೆ ಇಳಿಸಿದರೆ ಅದರ ಹತ್ತಿರ ಹೋಗುತ್ತೀರಿ. ಮನೆಯವರು ಬೈಯುವಷ್ಟು ಜೋರಾದರೆ ಆಂಪ್ ಬ್ಲಾಕಿನ ಔಟ್‌ಪುಟ್ ಲೆವೆಲ್ ಇಳಿಸಿ, ಅದು ಟೋನನ್ನು ಮುಟ್ಟುವುದಿಲ್ಲ. ಸರಿಯಾಗಿದೆಯೋ ನೋಡಲು ಗಿಟಾರಿನ ವಾಲ್ಯೂಮನ್ನೇ 5ಕ್ಕೆ ಇಳಿಸಿ ಮೆಲ್ಲಗೆ ಮೀಟಿ. ಸದ್ದು ತಿಳಿಯಾಗಬೇಕು. ಆಗದಿದ್ದರೆ ಗೇನ್ ಇನ್ನೂ ಜಾಸ್ತಿ ಇದೆ.

ವಾಕ್ಸ್ ಎಸಿ30 ಕಥೆ ಇದಕ್ಕಿಂತ ಸುಲಭ. ಕ್ವೀನ್ ತಂಡದ ಬ್ರಯಾನ್ ಮೇ ನಾರ್ಮಲ್ ಚಾನೆಲನ್ನು ಪೂರ್ತಿ ಏರಿಸಿ, ಮುಂದೆ ಒಂದು ಟ್ರೆಬಲ್ ಬೂಸ್ಟರ್ ಇಟ್ಟು, ಉಳಿದದ್ದನ್ನು ಗಿಟಾರಿನ ನಾಬ್‌ನಲ್ಲೇ ಮಾಡುತ್ತಾರೆ, ಪಿಕ್ ಬದಲು ಆರು ಪೆನ್ಸ್ ನಾಣ್ಯ ಹಿಡಿದು. ನಾನು ಹಳೇ ಎಂಟಾಣೆಯಲ್ಲಿ ಮೀಟಿ ನೋಡಿದ್ದೇನೆ. ತಂತಿ ಸವೆಯಿತು, ಬ್ರಯಾನ್ ಮೇ ಬರಲಿಲ್ಲ.

ನಾನೇ ಮುಗ್ಗರಿಸಿದ್ದು ಬೇರೆ ಕಡೆ. ಮಾಡೆಲರ್ ತಂದ ವರ್ಷ ರಾತ್ರಿ ಹನ್ನೊಂದಕ್ಕೆ, ಮನೆಯವರೆಲ್ಲ ಮಲಗಿದ ಮೇಲೆ, ಪುಟ್ಟ ಸ್ಪೀಕರಿನಲ್ಲಿ ಪಿಸುಗುಟ್ಟುವಷ್ಟು ಸದ್ದಿನಲ್ಲಿ ಕೂತು ಟೋನ್ ಮಾಡಿದೆ. ತೆಳ್ಳಗೆ ಅನ್ನಿಸಿತು, ಬೇಸ್ ಏರಿಸಿದೆ. ಇನ್ನೂ ಹೊಳಪು ಬೇಕೆನಿಸಿತು, ಟ್ರೆಬಲ್ ಏರಿಸಿದೆ. ಅದೇ ಪ್ರಿಸೆಟ್ ಹೊತ್ತುಕೊಂಡು ಗೋಣಿಕೊಪ್ಪದ ಹತ್ತಿರದ ಮದುವೆಗೆ ಹೋದೆ. ಮೊದಲ ಕಾರ್ಡ್ ಮೀಟಿದ ಕೂಡಲೇ ನಮ್ಮ ಕೀಬೋರ್ಡಿನವನು ತಿರುಗಿ, 'ಎಂತ ಮಾರಾಯ, ಗಿಟಾರಾ ಜನರೇಟರಾ?' ಅಂದ. ಕೆಳಗೆ ಗುಂಯ್ ಅನ್ನುವ ಬೇಸ್, ಮೇಲೆ ಗಾಜು ಗೀಚಿದಂಥ ಟ್ರೆಬಲ್, ಮಧ್ಯೆ ಗಿಟಾರೇ ನಾಪತ್ತೆ.

ಸದ್ದು ಕಡಿಮೆಯಾದಾಗ ಕಿವಿ ಮೊದಲು ಬಿಟ್ಟುಕೊಡುವುದು ಬೇಸನ್ನು. ಬೆಲ್ ಲ್ಯಾಬ್ಸ್‌ನ ಫ್ಲೆಚರ್, ಮನ್ಸನ್ ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದಾರೆ. ಅಷ್ಟು ಹಳೆಯ ವಿಷಯವನ್ನು ನಾನು ಇನ್ನೂರು ನೆಂಟರೆದುರು ಕಲಿತೆ. ಮನೆಯಲ್ಲಿ ಮಾಡಿದ್ದು ಮನೆಗೆ, ಹಾಲ್‌ಗೆ ಹಾಲ್‌ನಲ್ಲೇ ಮಾಡಿಕೊಳ್ಳಿ. ಆಗದಿದ್ದರೆ ಹಗಲು ಹೊತ್ತು ಒಂದರ್ಧ ಗಂಟೆ ಜೋರಾಗಿ ಹಾಕಿ ತಿದ್ದಿ, ಮಿಡ್ (ಬೇಸ್, ಟ್ರೆಬಲ್ ನಡುವಿನ ಸದ್ದು) ಎಂದೂ ಕಳೆಯಬೇಡಿ. ರೆಕಾರ್ಡಿನ ಗಿಟಾರ್ ದಪ್ಪಗೆ ಕೇಳುವುದರಲ್ಲಿ ಬಾಸ್ ಗಿಟಾರಿನ ಪಾಲು, ಎರಡೆರಡು ಸಲ ನುಡಿಸಿ ಎಡ-ಬಲಕ್ಕೆ ಇಟ್ಟದ್ದರ ಪಾಲೂ ಇರುತ್ತದೆ. ಒಬ್ಬರೇ ಕೂತು ಆ ದಪ್ಪವನ್ನೆಲ್ಲ ಒಂದೇ ಗಿಟಾರಿನಿಂದ ಹಿಂಡಲು ಹೊರಟರೆ ಸೋಲುತ್ತೀರಿ.

ಲ್ಯಾಪ್‌ಟಾಪಿನಲ್ಲಿ ಪ್ಲಗಿನ್ ಬಳಸುವವರಿಗೆ ಒಂದು ಮಾತು. ಗಿಟಾರನ್ನು ಲ್ಯಾಪ್‌ಟಾಪಿಗೆ ಸೇರಿಸುವ ಇಂಟರ್‌ಫೇಸಿನಲ್ಲಿ ಗಿಟಾರಿಗೆಂದೇ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಅನ್ನುವ ಬಟನ್ ಇರುತ್ತದೆ, ಅದನ್ನು ಒತ್ತಿ. ಪಿಕಪ್ಪಿಗೆ (ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಭಾಗ) 1 ಮೆಗಾಓಮ್ ಆಸುಪಾಸಿನ ಇನ್‌ಪುಟ್ ಬೇಕು, ಲೈನ್ ಇನ್‌ಪುಟ್ಟಿಗೆ ಹಾಕಿದರೆ ಹೊಳಪು ಅಲ್ಲೇ ಸತ್ತಿರುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಬಂದ ಕೂಡಲೇ ಗುಂಯ್ ಅನ್ನುತ್ತೆ ಅಂತ ಬರೆದಿದ್ದೀರಲ್ಲ, ಅದು ಮಾಡೆಲರಿನ ತಪ್ಪಲ್ಲ. ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟು ಒರಟು, ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಆ್ಯಂಟೆನಾದಂತೆ ಹಿಡಿಯುತ್ತದೆ. ಕುರ್ಚಿಯಲ್ಲಿ ಕೂತಲ್ಲೇ ಕಾಲು ಸುತ್ತು ತಿರುಗಿ, ಒಂದು ದಿಕ್ಕಿನಲ್ಲಿ ಗುಂಯ್ ತಗ್ಗುತ್ತದೆ. ತಂತಿ ಮುಟ್ಟಿದಾಗ ಸದ್ದು ನಿಲ್ಲುತ್ತದಾದರೆ ಮನೆಯ ಅರ್ಥಿಂಗ್ ಕಡೆಗೂ ಒಮ್ಮೆ ನೋಡಿ. ಹಳೆ ತೋಟದ ಮನೆಗಳಲ್ಲಿ ಉಪ್ಪು, ಇದ್ದಿಲು ಹಾಕಿದ ಗುಂಡಿಯನ್ನು ಅಜ್ಜನ ಕಾಲದಿಂದ ಯಾರೂ ತೆರೆದಿರುವುದಿಲ್ಲ. ಎಲೆಕ್ಟ್ರೀಷಿಯನ್ ಕರೆಸಿ ಅಳೆಸಿ, ಇದು ಟೋನಿಗಿಂತ ದೊಡ್ಡ ವಿಷಯ. ಏಪ್ರಿಲ್, ಮೇ ಗುಡುಗಿಗಂತೂ ಪ್ಲಗ್ ಕಿತ್ತಿಡಿ.

ಹಾಂ, ತಂತಿ ಯಾವಾಗ ಬದಲಿಸಿದ್ದು? ಫೋಟೋದ ಮೂಲೆಯಲ್ಲಿ ಗಿಟಾರಿನ ಕುತ್ತಿಗೆ ಕಾಣುತ್ತಿದೆ, ದಪ್ಪ ತಂತಿಗಳು ಕಂದು ಬಣ್ಣಕ್ಕೆ ತಿರುಗಿವೆ. ಮೊದಲು ಹೊಸ ಸೆಟ್ ಹಾಕಿ, ಆಮೇಲೆ ಕ್ಯಾಬಿನೆಟ್ ಬ್ಲಾಕ್ ಆನ್ ಮಾಡಿ, ಗೇನ್ 4. ಕ್ಲಿಪ್ ಕಳಿಸಿ, ಕೇಳ್ತೇನೆ.