ಇ-ರೀಡರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಲು ಹಿಂಜರಿಕೆ ಏಕೆ?

ಪುಸ್ತಕ ಓದಲೆಂದೇ ಇರುವ ಸಾಧನವಾದ ಇ-ರೀಡರ್ ಕೊಂಡವರಲ್ಲಿ ಅನೇಕರು ಅಕ್ಷರದ ಗಾತ್ರದ ಗೊಡವೆಗೇ ಹೋಗುವುದಿಲ್ಲ. ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೆಯೇ ಓದುತ್ತಾರೆ. ಅರ್ಧ ಗಂಟೆಯಲ್ಲಿ ಹಣೆ ಭಾರವಾಗುತ್ತದೆ, ಕಣ್ಣು ಉರಿಯುತ್ತದೆ. ಆಮೇಲೆ ನಮ್ಮಂಥ ಕಣ್ಣಿನ ವೈದ್ಯರ ಬಳಿ ಬಂದು, ಈ ಪರದೆ ಕಣ್ಣನ್ನು ಹಾಳು ಮಾಡುತ್ತದೆಯೇ ಎಂದು ಕೇಳುತ್ತಾರೆ. ದೂರು ಪರದೆಯ ಮೇಲೆ, ತೊಂದರೆ ಬಹುತೇಕ ಅಕ್ಷರದ ಗಾತ್ರದಲ್ಲಿ.

ಮೊಬೈಲಿನ ಪರದೆ ಬೆಳಕು ಸೂಸುತ್ತದೆ; ಇ-ರೀಡರಿನಲ್ಲಿರುವ ಇ-ಇಂಕ್ ಪರದೆ ತಾನೇ ಬೆಳಕು ಸೂಸುವುದಿಲ್ಲ. ಅದರೊಳಗಿನ ಸೂಕ್ಷ್ಮ ಗುಳಿಗೆಗಳಲ್ಲಿ ಬಿಳಿ ಮತ್ತು ಕಪ್ಪು ಕಣಗಳಿರುತ್ತವೆ. ಎರಡರ ವಿದ್ಯುದಾವೇಶವೂ ಪರಸ್ಪರ ವಿರುದ್ಧ. ಪುಟ ತಿರುಗಿಸಿದಾಗ ಬೇಕಾದ ಬಣ್ಣದ ಕಣಗಳು ಮೇಲೆ ಬಂದು, ಮುಂದಿನ ಪುಟದವರೆಗೆ ಅಲ್ಲೇ ನಿಲ್ಲುತ್ತವೆ. ಬಿಸಿಲಿನಲ್ಲೂ ಅಕ್ಷರ ಮಾಸದಿರುವುದು, ಬ್ಯಾಟರಿ ವಾರಗಟ್ಟಲೆ ಬರುವುದು ಇದರಿಂದಲೇ. 2007ರಲ್ಲಿ ಬಂದ ಅಮೆಜಾನ್‌ನ ಮೊದಲ ಇ-ರೀಡರ್ ಕಿಂಡಲ್‌ನಲ್ಲಿ ಅಂಗುಲಕ್ಕೆ 167 ಚುಕ್ಕೆಗಳಿದ್ದವು. ಈಗ 300 ಸಾಮಾನ್ಯ. ಹಾಗಾಗಿ ಅಕ್ಷರದ ಅಂಚು ಮಸುಕು ಎಂಬ ಹಳೆಯ ಆಕ್ಷೇಪ ಇಂದು ನಿಲ್ಲುವುದಿಲ್ಲ.

ಒಂದು ಕೊರತೆಯಂತೂ ಇದೆ. ಇದರ ಹಿನ್ನೆಲೆ ಒಳ್ಳೆಯ ಕಾಗದದಷ್ಟು ಬಿಳಿಯಲ್ಲ, ತಿಳಿ ಬೂದು. ಎಳೆಯ ಕಣ್ಣಿಗೆ ಇದು ಲೆಕ್ಕಕ್ಕೇ ಬಾರದು. ಪೊರೆ ಕಟ್ಟಲು ಆರಂಭವಾದ ಕಣ್ಣಿಗೆ ಮಂದ ಬೆಳಕಿನಲ್ಲಿ ಅಕ್ಷರವೂ ಹಿನ್ನೆಲೆಯೂ ಬೆರೆತಂತೆ ಕಾಣುತ್ತವೆ. ಅಂಥವರು ಪರದೆಯ ಮೇಲೆ ಬೆಳಕು ಬೀರುವ ಸಾಧನದ ದೀಪವನ್ನು ಸಂಕೋಚವಿಲ್ಲದೆ ಹೆಚ್ಚಿಸಿಕೊಳ್ಳಲಿ. ಕೋಣೆಯ ದೀಪವೂ ಉರಿಯುತ್ತಿರಲಿ.

ಇನ್ನು ಗಾತ್ರದ ವಿಷಯ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನೊಳಗಿನ ಮಸೂರ ಗಡುಸಾಗಿ, ಹತ್ತಿರದ್ದನ್ನು ಹಿಡಿಯುವ ಶಕ್ತಿ ಕುಗ್ಗುತ್ತದೆ. ಇದೇ ಚಾಳೀಸು. ಕಷ್ಟಪಟ್ಟು ಗುರುತಿಸಬಲ್ಲ ಅಕ್ಷರ ಒಂದು, ಸರಾಗವಾಗಿ ಓದಬಲ್ಲ ಅಕ್ಷರ ಇನ್ನೊಂದು. ನಡುವಿನ ಅಂತರ ಸುಮಾರು ಎರಡು ಪಟ್ಟು. ಮನೆಯಲ್ಲೇ ಪರೀಕ್ಷಿಸಬಹುದು: ಓದುವ ಕನ್ನಡಕ ಹಾಕಿಕೊಂಡು, ಎಂದಿನ ದೂರದಲ್ಲಿ ಹಿಡಿದು, ಇನ್ನು ಓದಲಾಗದು ಎನ್ನುವವರೆಗೆ ಅಕ್ಷರವನ್ನು ಕಿರಿದು ಮಾಡುತ್ತ ಹೋಗಿ. ಕೊನೆಯದಾಗಿ ಓದಲಾದ ಗಾತ್ರದ ಎರಡರಷ್ಟಾದರೂ ನಿಮ್ಮ ಪುಟದಲ್ಲಿರಲಿ.

ಹೀಗೆ ಹೇಳಿದರೆ, ‘ಪುಟಕ್ಕೆ ಹತ್ತೇ ಸಾಲು ಉಳಿಯುತ್ತದಲ್ಲ ಡಾಕ್ಟರೇ’ ಎನ್ನುತ್ತಾರೆ. ಉಳಿಯಲಿ. ಪುಟ ತಿರುಗಿಸಲು ಹೆಬ್ಬೆರಳಿಗೆ ಆಗುವ ಶ್ರಮ ಏನೂ ಅಲ್ಲ. ಪ್ರತಿ ಪದಕ್ಕೂ ಕಣ್ಣು ಕಿರಿದು ಮಾಡಿ ತಿಣುಕುವವರು ಕೆಲವೇ ದಿನಗಳಲ್ಲಿ ಓದುವುದನ್ನೇ ಬಿಡುತ್ತಾರೆ. ದೊಡ್ಡ ಅಕ್ಷರ ಮುದುಕರಿಗೆ ಎಂಬ ಸಂಕೋಚದಿಂದ ಓದು ನಿಲ್ಲಿಸಿದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಚ್ಚಾದ ಪುಸ್ತಕದಲ್ಲಿ ಇಲ್ಲದ ಈ ಅನುಕೂಲ ಕೈಗೆ ಬಂದಿರುವಾಗ ಬಳಸದೆ ಬಿಡುವುದೇ?

ಕನ್ನಡ ಓದುವವರು ಸಾಲುಗಳ ಅಂತರವನ್ನೂ ಒಂದು ಹಂತ ಹೆಚ್ಚಿಸಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುವಂತಿದ್ದರೆ ಕಣ್ಣು ಸಾಲು ತಪ್ಪುತ್ತದೆ. ಪಿಡಿಎಫ್ ಕಡತಗಳಲ್ಲಿ ಮಾತ್ರ ಸಾಮಾನ್ಯವಾಗಿ ಇದಾವುದೂ ನಡೆಯದು: ಅಲ್ಲಿ ಅಕ್ಷರ ದೊಡ್ಡದಾದರೆ ಪುಟವೇ ಪರದೆಯಾಚೆ ಹೋಗುತ್ತದೆ. ಆಯ್ಕೆಯಿದ್ದರೆ, ಅಕ್ಷರದ ಗಾತ್ರಕ್ಕೆ ತಕ್ಕಂತೆ ಸಾಲುಗಳು ಹೊಂದಿಕೊಳ್ಳುವ ಇ-ಪಬ್ ರೂಪವನ್ನೇ ತೆಗೆದುಕೊಳ್ಳಿ.

ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಎಲ್ಲರಿಗೂ ಹಿತವಲ್ಲ. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಅಂಕಿ ಇರುವವರಿಗೆ, ಕತ್ತಲಲ್ಲಿ ಪಾಪೆ ಹಿಗ್ಗಿ ಬಿಳಿ ಅಕ್ಷರದ ಅಂಚು ಹರಡಿದಂತೆ ಕಾಣಬಹುದು.

ಕಣ್ಣುರಿಗೆ ಕಾರಣ ಬೇರೆಯೇ ಇದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ; ಓದಿನಲ್ಲಿ ಮುಳುಗಿದಾಗ ಅದು ಅರ್ಧಕ್ಕೋ ಇನ್ನೂ ಕೆಳಗೋ ಇಳಿದು ಕಣ್ಣು ಒಣಗುತ್ತದೆ. ಕಾಗದದ ಪುಸ್ತಕದಲ್ಲೂ ಹೀಗೆಯೇ ಆಗುತ್ತದೆ. ಇ-ಇಂಕ್ ಇದನ್ನು ತಪ್ಪಿಸದು. ಆಗಾಗ ತಲೆಯೆತ್ತಿ, ದೂರ ನೋಡಿ, ನಾಲ್ಕಾರು ಬಾರಿ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಗಾತ್ರ ಹೆಚ್ಚಿಸಿಯೂ ಪದದ ನಡುವಿನ ಅಕ್ಷರ ಮಾಯವಾದಂತೆ, ನೇರ ಸಾಲು ಡೊಂಕಾದಂತೆ ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವುದಾದರೂ ಒಂದು ಕಣ್ಣಿಗೆ ಹಾಗೆ ಕಂಡರೂ ಅದು ಕನ್ನಡಕದ ತೊಂದರೆಯಾಗಿರದೆ ಅಕ್ಷಿಪಟಲದ್ದಾಗಿರಬಹುದು (ರೆಟಿನಾ). ಆಗ ಸಾಧನದ ಸೆಟ್ಟಿಂಗ್ ಬದಲಿಸುತ್ತ ದಿನ ದೂಡದೆ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳಿ.