ಕಾಮೆಂಟಿನ ಲಿಂಕಿಗೆ ಜಾಮೀನು ಯಾರು?

ಬೇರೆಯವರ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸದಲ್ಲಿ ಕೆಲವು ಪ್ರಶ್ನೆಗಳು ಹಳೆಯದಾಗುವುದೇ ಇಲ್ಲ. ಅಂಥದ್ದರಲ್ಲಿ ಒಂದು: "ನಮ್ಮ ಬ್ಲಾಗಿಗೆ ಕಾಮೆಂಟ್ ಹಾಕುವವರು ತಮ್ಮ ಸೈಟಿನ ಲಿಂಕ್ ಕೊಡ್ತಾರೆ. ಆ ಲಿಂಕಿಗೆ ಗೂಗಲ್‌ನಲ್ಲಿ ಬೆಲೆ ಸಿಗೋ ಹಾಗೆ ಬಿಡಬೇಕಾ, ಬೇಡ್ವಾ?"

ಕೇಳುವವರಲ್ಲಿ ಎರಡು ಥರ. ಕೆಲವರು ಉದಾರಿಗಳು. ಪಾಪ, ಓದಿ, ಯೋಚಿಸಿ ಬರೆದಿದ್ದಾರೆ, ಅವರಿಗೂ ಒಂದಿಷ್ಟು ಅನುಕೂಲ ಆಗಲಿ ಅನ್ನುತ್ತಾರೆ. ಇನ್ನು ಕೆಲವರಿಗೆ ತಮ್ಮ ಸೈಟಿನ ಬೆಲೆ ಆ ಲಿಂಕುಗಳ ಮೂಲಕ ಸೋರಿಹೋಗುತ್ತದೆ ಅನ್ನುವ ಭಯ. ಇಬ್ಬರಿಗೂ ನನ್ನ ಉತ್ತರ ಒಂದೇ. ಬೆಲೆ ತಾನಾಗಿ ಹೋಗಬಾರದು. ಕೊಡುವುದಾದರೆ ನೀವೇ ಕೈಯಾರೆ ಕೊಡಿ. ಆದರೆ ಇದಕ್ಕೆ ಕಾರಣ ಸೋರಿಕೆಯಲ್ಲ.

ಬೆಲೆ ಅಂದರೆ ಏನು ಅಂತ ಮೊದಲು ನೋಡೋಣ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಪುಟ ಎಷ್ಟು ಮುಖ್ಯ ಅನ್ನುವುದನ್ನು ಅದಕ್ಕೆ ಬೇರೆ ಯಾವ ಪುಟಗಳು ಲಿಂಕ್ ಕೊಟ್ಟಿವೆ ಅನ್ನುವುದರಿಂದ ಅಳೆಯುವ ಲೆಕ್ಕ ಅದು. ಹೆಸರು ಪೇಜ್‌ರ‍್ಯಾಂಕ್. ದೊಡ್ಡ ಪುಟ ಲಿಂಕ್ ಕೊಟ್ಟರೆ ಜಾಸ್ತಿ ತೂಕ. ಆ ಪುಟದಿಂದ ಹೊರಗೆ ಹೋಗುವ ಲಿಂಕುಗಳು ಜಾಸ್ತಿ ಆದಷ್ಟೂ ಒಂದೊಂದಕ್ಕೆ ಸಿಗುವ ಪಾಲು ಕಮ್ಮಿ. ನಮ್ಮ ವೃತ್ತಿಯಲ್ಲಿ ಈ ಪಾಲಿಗೆ 'ಲಿಂಕ್ ಜ್ಯೂಸ್' ಅಂತಾರೆ. ಗೂಗಲ್ ಇವತ್ತು ನೋಡುವ ವಿಷಯಗಳು ಬೇಕಾದಷ್ಟಿವೆ. ಆದರೂ ಲಿಂಕಿನ ಲೆಕ್ಕ ಪೂರ್ತಿ ಹೋಗಿಲ್ಲ.

ಈ ಲೆಕ್ಕದ ಹಿಂದೆ ಒಂದು ನಂಬಿಕೆ ಇದೆ. ಪುಟದ ಮಾಲೀಕನೇ ನೋಡಿ, ಮೆಚ್ಚಿ ಲಿಂಕ್ ಕೊಟ್ಟಿದ್ದಾನೆ ಅನ್ನುವುದು. ಕಾಮೆಂಟ್ ಪೆಟ್ಟಿಗೆ ಬಂದಾಗ ಅದು ಮುರಿಯಿತು. ಪುಟ ನಿಮ್ಮದು, ಲಿಂಕ್ ಯಾರದೋ. ಸೊಸೈಟಿಯಲ್ಲಿ ಯಾರೋ ಸಾಲ ಎತ್ತಿದ್ದಾರೆ, ಜಾಮೀನುದಾರರ ಜಾಗದಲ್ಲಿ ನಿಮ್ಮ ಸಹಿ ಇದೆ, ನೀವು ಆ ಕಾಗದವನ್ನೇ ನೋಡಿಲ್ಲ. ಹೆಚ್ಚೂಕಮ್ಮಿ ಹಾಗೆ.

ಈ ಸಂದು ಸ್ಪ್ಯಾಮರ್‌ಗಳಿಗೆ, ಅಂದರೆ ಬೇಡದ ಜಾಹೀರಾತು ತುರುಕುವವರಿಗೆ, ಬೇಗ ಕಂಡಿತು. 2003ರ ಹೊತ್ತಿಗೆ ಮೂವಬಲ್ ಟೈಪ್ ಅನ್ನುವ ಬ್ಲಾಗ್ ತಂತ್ರಾಂಶ ಬಳಸುತ್ತಿದ್ದ ಅಮೆರಿಕದ ಬ್ಲಾಗುಗಳಲ್ಲಿ ಮಾತ್ರೆ, ಜೂಜು, ಸಾಲದ ಲಿಂಕುಗಳು ಮಳೆಗಾಲದ ಕಳೆಯ ಹಾಗೆ ಎದ್ದವು. ಜೇ ಅಲೆನ್ ಅನ್ನುವವರು ಅವನ್ನು ತಡೆಯಲು ಎಂಟಿ-ಬ್ಲ್ಯಾಕ್‌ಲಿಸ್ಟ್ ಅನ್ನುವ ಪ್ಲಗಿನ್ (ತಂತ್ರಾಂಶಕ್ಕೆ ಆಮೇಲೆ ಸೇರಿಸಿಕೊಳ್ಳುವ ತುಣುಕು) ಬರೆಯಬೇಕಾಯಿತು. ಕೊನೆಗೆ 2005ರ ಜನವರಿ 18ರಂದು ಗೂಗಲ್ ಒಂದು ಉಪಾಯ ಹೇಳಿತು. ಲಿಂಕಿನ ಕೋಡಿನಲ್ಲಿ 'ರೆಲ್' ಅನ್ನುವ ಕಡೆ 'ನೋಫಾಲೋ' ಅಂತ ಬರೆದರೆ ಆ ಲಿಂಕಿಗೆ ಬೆಲೆ ಕೊಡುವುದಿಲ್ಲ ಅಂತ. ಇದರ ಹಿಂದೆ ಇದ್ದವರು ಗೂಗಲ್‌ನ ಮ್ಯಾಟ್ ಕಟ್ಸ್ ಮತ್ತು ಗೂಗಲ್‌ನದೇ ಬ್ಲಾಗ್ ಸೇವೆಯಾದ 'ಬ್ಲಾಗರ್'ನ ತಂಡದ ಜೇಸನ್ ಶೆಲೆನ್. ಯಾಹೂ ಮತ್ತು ಎಂಎಸ್ಎನ್ ಕೂಡ ಒಪ್ಪಿಕೊಂಡವು. ಬ್ಲಾಗ್ ನಡೆಸುವ ಇನ್ನೊಂದು ತಂತ್ರಾಂಶ ವರ್ಡ್‌ಪ್ರೆಸ್ ಇದನ್ನು ಕಾಮೆಂಟುಗಳಿಗೆ ತಾನಾಗಿ ಹಾಕತೊಡಗಿತು.

ಲಾಭವಿಲ್ಲ ಅಂತ ಗೊತ್ತಾದರೆ ಸ್ಪ್ಯಾಮ್ ನಿಲ್ಲುತ್ತದೆ ಅನ್ನುವ ಆಸೆ ಆಗ ಅನೇಕರಿಗಿತ್ತು. ನಿಲ್ಲಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಪ್ಯಾಮ್ ಕಾಮೆಂಟುಗಳನ್ನು ಸೋಸುವ ಅಕಿಸ್ಮೆಟ್ ಬಂತು ಅಂದರೆ ನೋಫಾಲೋ ಎಷ್ಟು ಕೆಲಸ ಮಾಡಿತ್ತು ಅಂತ ನೀವೇ ಲೆಕ್ಕ ಹಾಕಿ.

ಯಾಕೆ ನಿಲ್ಲಲಿಲ್ಲ ಅನ್ನುವುದು ನಮ್ಮ ಕಡೆಯ ಮಾರುಕಟ್ಟೆ ನೋಡಿದವರಿಗೆ ಗೊತ್ತು. ಸಾಫ್ಟ್‌ವೇರ್ ಹಾಕುವ ಕಾಮೆಂಟಿಗೆ ಖರ್ಚೇ ಇಲ್ಲ, ಹಾಗಾಗಿ ಅದು ಬ್ಲಾಗ್ ಯಾವುದು, ನೋಫಾಲೋ ಇದೆಯಾ ಅಂತ ನೋಡುವ ಗೋಜಿಗೇ ಹೋಗುವುದಿಲ್ಲ. ಇನ್ನು ಮನುಷ್ಯರು ಕೂತು ಬರೆಯುವ ಸ್ಪ್ಯಾಮ್. ಎಸ್ಇಒ (ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲಕ್ಕೆ ತರುವ ಕೆಲಸ) ಪ್ಯಾಕೇಜುಗಳಲ್ಲಿ 'ಬ್ಲಾಗ್ ಕಾಮೆಂಟಿಂಗ್' ಅನ್ನುವುದು ಒಂದು ಸಾಲು. ತಿಂಗಳ ಕೊನೆಗೆ ಗಿರಾಕಿಗೆ ಎಕ್ಸೆಲ್ ಶೀಟ್ ಹೋಗಬೇಕು, ಅದರಲ್ಲಿ ಇಷ್ಟು ಲಿಂಕ್ ಹಾಕಿದ್ದೇವೆ ಅಂತ ಇರಬೇಕು. ಆ ಲಿಂಕಿಗೆ ಗೂಗಲ್ ಬೆಲೆ ಕೊಟ್ಟಿತಾ ಅಂತ ಕೇಳುವಷ್ಟು ಗಿರಾಕಿಗೆ ಗೊತ್ತಿರುವುದಿಲ್ಲ. ಕಾಮೆಂಟ್ ಹಾಕಿದವನಿಗೆ ಸಂಬಳ ಸಿಕ್ಕಿತು, ಏಜೆನ್ಸಿಗೆ ದುಡ್ಡು ಬಂತು. ಇದರಲ್ಲಿ ನೋಫಾಲೋ ಯಾರ ಕೈಯನ್ನು ಹಿಡಿಯಬೇಕು ಹೇಳಿ?

ನೋಫಾಲೋ ಇಷ್ಟವಿಲ್ಲದವರೂ ಇದ್ದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಗೂಗಲ್ ತನ್ನ ಲೆಕ್ಕ ಕೆಡಬಾರದು ಅಂತ ಮಾಡಿದ ಏರ್ಪಾಟಿಗೆ ನಾವ್ಯಾಕೆ ನಮ್ಮ ಓದುಗರನ್ನೆಲ್ಲ ಅನುಮಾನದ ಪಟ್ಟಿಗೆ ಸೇರಿಸಬೇಕು ಅನ್ನುವುದು ಅವರ ವಾದ. ಅವರು ನೋಫಾಲೋ ತೆಗೆಯುವ ಪ್ಲಗಿನ್‌ಗಳನ್ನು ಬಳಸಿದರು, ಹಂಚಿದರು. ಅಂಥ ಬ್ಲಾಗುಗಳಿಗೆ 'ಡುಫಾಲೋ' ಅನ್ನುವ ಹೆಸರು ಬಿತ್ತು. (ಡುಫಾಲೋ ಅಂತ ಕೋಡಿನಲ್ಲಿ ಬರೆಯುವಂಥದ್ದು ಏನೂ ಇಲ್ಲ. ನೋಫಾಲೋ ಇಲ್ಲದ ಮಾಮೂಲಿ ಲಿಂಕೇ ಅದು. ಈಗಲೂ 'ಡುಫಾಲೋ ಹಾಕಿಕೊಡಿ' ಅಂತ ಕೇಳುವವರಿದ್ದಾರೆ.) ಕಾಮೆಂಟ್‌ಲವ್ ಅನ್ನುವ ಪ್ಲಗಿನ್ ಕಾಮೆಂಟ್ ಹಾಕಿದವರ ಹೊಸ ಬರಹದ ಲಿಂಕನ್ನು ತಾನೇ ಸೇರಿಸುತ್ತಿತ್ತು. ಕೀವರ್ಡ್‌ಲವ್ ಅನ್ನುವುದು ಇನ್ನೂ ಮುಂದೆ ಹೋಗಿ, ಹೆಸರಿನ ಜೊತೆ ತಮಗೆ ಬೇಕಾದ ಕೀವರ್ಡಿಗೆ, ಅಂದರೆ ಜನ ಹುಡುಕುವ ಪದಕ್ಕೆ, ಲಿಂಕ್ ಹಾಕಿಕೊಳ್ಳಲು ಬಿಡುತ್ತಿತ್ತು.

ಆಮೇಲೆ ಆದದ್ದು ಊಹಿಸುವಂಥದ್ದೇ. 'ಡುಫಾಲೋ ಬ್ಲಾಗುಗಳ ಪಟ್ಟಿ' ಅಂತ ಪಟ್ಟಿಗಳು ಹುಟ್ಟಿದವು. ಆ ಪಟ್ಟಿಗೆ ಸೇರಿದ ಬ್ಲಾಗಿನ ಮೇಲೆ ಎಲ್ಲ ಕಡೆಯವರೂ ಮುಗಿಬಿದ್ದರು. ಭಾರತದ ಬ್ಲಾಗ್ ನಡೆಸಿದವರಿಗೆ 'ಪ್ಯಾಕರ್ಸ್ ಆಂಡ್ ಮೂವರ್ಸ್ ಬ್ಯಾಂಗಲೋರ್' ಅನ್ನುವ ಹೆಸರಿನ ಓದುಗರು ಚೆನ್ನಾಗಿ ನೆನಪಿರುತ್ತಾರೆ. ಕವಿತೆ ಬರೆದರೂ ಅವರಿಗೆ ಇಷ್ಟ, ಅಡುಗೆ ಬರೆದರೂ ಇಷ್ಟ. ಕನ್ನಡದ ಬರಹದ ಕೆಳಗೆ ಇಂಗ್ಲಿಷಿನಲ್ಲಿ ಹೊಗಳಿ ಹೋಗುತ್ತಿದ್ದರು. ಆಗ ಕನ್ನಡ ಬ್ಲಾಗಿನವರಿಗೆ ಒಂದು ಅನುಕೂಲ ಇತ್ತು: ಕಾಮೆಂಟಿನ ಭಾಷೆ ನೋಡಿದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಿದ್ದ. ಈಗ ಅದೂ ಇಲ್ಲ. ಯಂತ್ರವೇ ಕನ್ನಡದಲ್ಲಿ 'ಈ ಉಪಯುಕ್ತ ಮಾಹಿತಿಯನ್ನು ಹಂಚಿಕೊಂಡಿದ್ದಕ್ಕಾಗಿ ಧನ್ಯವಾದಗಳು' ಅಂತ ಬರೆದುಕೊಡುತ್ತದೆ. ಬರಹದಲ್ಲಿರುವ ಒಂದು ಸಂಗತಿಯನ್ನೂ ಮುಟ್ಟದ ಕಾಮೆಂಟ್ ಯಾವ ಭಾಷೆಯಲ್ಲಿದ್ದರೂ ನನಗೆ ಅನುಮಾನವೇ.

ಈಗ ಸೋರಿಕೆಯ ಭಯಕ್ಕೆ ಬರೋಣ. ಇಲ್ಲಿ ತಪ್ಪು ತಿಳಿವಳಿಕೆ ತುಂಬಾ ಇದೆ. ನೋಫಾಲೋ ಹಾಕಿದರೆ ಆ ಪಾಲು ಉಳಿದು, ನಮ್ಮದೇ ಬೇರೆ ಪುಟಗಳಿಗೆ ಹಂಚಿಹೋಗುತ್ತದೆ ಅಂತ ಎಷ್ಟೋ ಜನ ಇನ್ನೂ ನಂಬಿದ್ದಾರೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಒಂದು ಪುಟದಲ್ಲಿ ಹಂಚಲು 100 ಪಾಯಿಂಟ್ ಇದೆ, 20 ಲಿಂಕ್ ಇವೆ ಅಂದುಕೊಳ್ಳಿ. ಅದರಲ್ಲಿ 15 ಕಾಮೆಂಟಿನವು, ಅವಕ್ಕೆ ನೋಫಾಲೋ. ಹಳೆಯ ಲೆಕ್ಕದಲ್ಲಿ ಉಳಿದ 5 ಲಿಂಕಿಗೆ ತಲಾ 20 ಸಿಗುತ್ತಿತ್ತು. ಇದನ್ನೇ ಹಿಡಿದು ಜನ ತಮ್ಮ ಸೈಟಿನ ಒಳಗೂ ಎಲ್ಲೆಲ್ಲೋ ನೋಫಾಲೋ ಹಾಕಿ ಬೆಲೆಯನ್ನು ಬೇಕಾದ ಪುಟಕ್ಕೆ ತಿರುಗಿಸುವ ಆಟ ಆಡಿದರು. 2009ರ ಜೂನ್‌ನಲ್ಲಿ ಮ್ಯಾಟ್ ಕಟ್ಸ್ ಆ ಲೆಕ್ಕ ಬದಲಾಗಿದೆ, ಬದಲಾಗಿ ವರ್ಷದ ಮೇಲಾಯಿತು ಅಂತ ಹೇಳಿದರು. ಹೊಸ ಲೆಕ್ಕದಲ್ಲಿ 100 ಅನ್ನು 20ರಿಂದಲೇ ಭಾಗಿಸಬೇಕು. ಆ 5 ಲಿಂಕಿಗೆ ತಲಾ 5 ಮಾತ್ರ. ಉಳಿದ 75 ಯಾರಿಗೂ ಇಲ್ಲ, ಆವಿಯಾಗಿ ಹೋಯಿತು.

ಮಜಾ ಏನು ಅಂದರೆ, ವರ್ಷಕ್ಕೂ ಮೇಲೆ ಆ ಬದಲಾವಣೆ ಜಾರಿಯಲ್ಲಿತ್ತು. ದೊಡ್ಡ ದೊಡ್ಡ ಎಸ್ಇಒ ಪಂಡಿತರು ಅಷ್ಟೂ ದಿನ ಹಳೆಯ ಲೆಕ್ಕವನ್ನೇ ಮಾರುತ್ತಿದ್ದರು. ಯಾರಿಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಈ ಸೋರಿಕೆ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಬೇಕಾ? ಬೆಲೆ ಉಳಿಸಿಕೊಳ್ಳಲು ಕಾಮೆಂಟ್ ಮುಚ್ಚುವುದು ಬೇಡ ಅಂತ ಕಟ್ಸ್ ಕೂಡ ಆಗಲೇ ಹೇಳಿದ್ದರು. ಹಾಗಾಗಿ ಜ್ಯೂಸ್ ಉಳಿಸಲು ನೋಫಾಲೋ ಹಾಕಬೇಕು ಅನ್ನುವವರ ಮಾತಿಗೆ ಕಿವಿ ಕೊಡಬೇಡಿ.

ನನ್ನ ಕಾರಣ ಬೇರೆ. ನೀವು ಒಪ್ಪಿಗೆ ಕೊಟ್ಟ ದಿನ ಲಿಂಕ್ ಒಳ್ಳೆಯದೇ ಇರಬಹುದು. ಐದು ವರ್ಷದ ಮೇಲೆ?

ಸಾಹಿತ್ಯದ ಬಗ್ಗೆ ಬರೆಯುವ ಒಂದು ಹಳೆಯ ಸೈಟನ್ನು ಸರಿಮಾಡುವಾಗ ನೋಡಿದ್ದು ಇದು. ಕಾಮೆಂಟುಗಳು ಚಿನ್ನದಂಥವು. ವಾದ, ತಿದ್ದುಪಡಿ, ಪುಟ ಸಂಖ್ಯೆ ಸಮೇತ ಉಲ್ಲೇಖ. ಎಲ್ಲ ನಿಜವಾದ ಓದುಗರು. ಆದರೆ ಅವರ ಹೆಸರುಗಳ ಮೇಲೆ ಕ್ಲಿಕ್ ಮಾಡಿದರೆ ಒಂದು ಕಡೆ ಆನ್‌ಲೈನ್ ರಮ್ಮಿ, ಇನ್ನೊಂದು ಕಡೆ ಯಾವುದೋ ದೇಶದ ಕ್ಯಾಸಿನೋ. ಆ ಓದುಗರು ಯಾವತ್ತೋ ಬ್ಲಾಗ್ ನಿಲ್ಲಿಸಿದ್ದರು, ಡೊಮೇನ್ (ಸೈಟಿನ ವಿಳಾಸದ ಹೆಸರು) ನವೀಕರಿಸಿರಲಿಲ್ಲ. ಹಳೆಯ ಲಿಂಕುಗಳಿರುವ ಡೊಮೇನ್ ಅಂತಲೇ ಹುಡುಕಿ ಕೊಳ್ಳುವವರು ಅದನ್ನು ಕೊಂಡಿದ್ದರು. ಈ ದಂಧೆ ಎಷ್ಟು ಬೆಳೆದಿದೆ ಅಂದರೆ, 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಅವಧಿ ಮುಗಿದ ಡೊಮೇನಿನ ದುರುಪಯೋಗ ಅಂತಲೇ ಒಂದನ್ನು ಸೇರಿಸಿತು.

ಬರಹದೊಳಗೆ ನೀವು ಹಾಕುವ ಲಿಂಕ್ ಬೆರಳೆಣಿಕೆಯಷ್ಟು. ಅವನ್ನು ವರ್ಷಕ್ಕೊಮ್ಮೆ ನೋಡಬಹುದು. ಸಾವಿರಾರು ಕಾಮೆಂಟುಗಳ ಹೆಸರಿನ ಹಿಂದಿರುವ ಲಿಂಕುಗಳನ್ನು ಯಾರು ನೋಡುತ್ತಾರೆ? ನೋಡಿಕೊಳ್ಳಲಾಗದ್ದಕ್ಕೆ ಜಾಮೀನು ನಿಲ್ಲಬಾರದು. ನೋಫಾಲೋ ಬೇಕು ಅನ್ನಲು ನನಗೆ ಇಷ್ಟು ಸಾಕು.

ಹಾಗಂತ ಕಣ್ಣು ಮುಚ್ಚಿ ಎಲ್ಲದಕ್ಕೂ ನೋಫಾಲೋ ಅಂಟಿಸುವುದೂ ಸರಿಯಲ್ಲ. ಇಂಗ್ಲಿಷ್ ವಿಕಿಪೀಡಿಯ 2007ರಲ್ಲಿ ಹೊರಗಿನ ಲಿಂಕುಗಳಿಗೆಲ್ಲ ನೋಫಾಲೋ ಹಾಕಿತು. ಕನ್ನಡ ವಿಕಿಪೀಡಿಯದಲ್ಲೂ ಹಾಗೇ ಇದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಹಾಗಾಗಿ ಕಾರಣ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲಿ ಒಬ್ಬರಿಗೊಬ್ಬರು ಲಿಂಕ್ ಕೊಡುವುದೇ ಕಮ್ಮಿ. ಇರುವ ಒಳ್ಳೆಯ ಲಿಂಕುಗಳೂ ಲೆಕ್ಕಕ್ಕೆ ಬರದಿದ್ದರೆ ಚಿಕ್ಕ ಸೈಟುಗಳಿಗೆ ನಷ್ಟವೇ. ದೊಡ್ಡ ಸೈಟುಗಳು ಹೆದರಿ ತಮ್ಮ ಸಂಪಾದಕರು ಕೊಟ್ಟ ಲಿಂಕಿಗೂ ನೋಫಾಲೋ ಹಾಕಲು ಶುರುಮಾಡಿದ್ದು ಗೂಗಲ್‌ಗೂ ಅನುಕೂಲವಾಗಲಿಲ್ಲ ಅಂತ ನನ್ನ ಊಹೆ. 2019ರ ಸೆಪ್ಟೆಂಬರ್‌ನಲ್ಲಿ ಅದು ನಿಯಮ ಸಡಿಲಿಸಿತು. ನೋಫಾಲೋ ಇನ್ನು ಆಜ್ಞೆಯಲ್ಲ, ಸುಳಿವು ಮಾತ್ರ. ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಗೂಗಲ್ ತಾನೇ ನೋಡುತ್ತದೆ ಅಂತಾಯಿತು. ಜೊತೆಗೆ ಎರಡು ಹೊಸ ಗುರುತು ಬಂದವು. ಕಾಸು ಕೊಟ್ಟು ಹಾಕಿಸಿದ ಲಿಂಕಿಗೆ 'ಸ್ಪಾನ್ಸರ್ಡ್', ಓದುಗರು ಹಾಕಿದ್ದಕ್ಕೆ 'ಯುಜಿಸಿ'. (ಕಾಲೇಜು ಮೇಷ್ಟ್ರುಗಳು ಗಾಬರಿಯಾಗಬೇಡಿ, ಇದು ಬೇರೆ ಯುಜಿಸಿ.) ಅದೇ ವರ್ಷ ನವೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.3 ಕಾಮೆಂಟಿನ ಲಿಂಕಿಗೆ ನೋಫಾಲೋ, ಯುಜಿಸಿ ಎರಡನ್ನೂ ಹಾಕುತ್ತದೆ. ಅದನ್ನು ಹಾಗೇ ಬಿಡಿ.

ಉದಾರಿಗಳಿಗೆ ನಾನು ಹೇಳುವುದು ಹೀಗೆ. ಯಾರಾದರೂ ನಿಜಕ್ಕೂ ಒಳ್ಳೆಯ ಲಿಂಕ್ ಕೊಟ್ಟಿದ್ದಾರಾ? ಅದನ್ನು ಕಾಮೆಂಟಿನಿಂದ ಮೇಲಕ್ಕೆ ಎತ್ತಿ. ಬರಹದ ಕೊನೆಗೆ 'ಓದುಗರು ಹೀಗೊಂದು ದಾಖಲೆ ತೋರಿಸಿದ್ದಾರೆ' ಅಂತ ಎರಡು ಸಾಲು ಸೇರಿಸಿ, ಅಲ್ಲಿ ನೋಫಾಲೋ ಇಲ್ಲದ ಲಿಂಕ್ ಕೊಡಿ. ಈಗ ಅದು ನೀವು ನೋಡಿ, ಓದಿ, ಒಪ್ಪಿದ ಲಿಂಕ್. ಓದುಗರಿಗೂ ಅದು ಕಣ್ಣಿಗೆ ಬೀಳುತ್ತದೆ. ಗೂಗಲ್ ಅಂತೂ ಆಮೇಲಿನ ಮಾತು.

ಸ್ಪ್ಯಾಮ್ ತಡೆಯುವ ಕೆಲಸ ನೋಫಾಲೋದ್ದಲ್ಲ, ಅದಕ್ಕೆ ಬೇರೆ ಉಪಾಯಗಳಿವೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕೆಲಸ ಮಾಡುವುದು ಕಾಮೆಂಟ್ ಫಾರ್ಮಿನಲ್ಲಿ 'ವೆಬ್‌ಸೈಟ್' ಅಂತ ಇರುವ ಜಾಗವನ್ನೇ ತೆಗೆದುಹಾಕುವುದು. ಸಂಬಳಕ್ಕೆ ಕಾಮೆಂಟ್ ಬರೆಯುವವರಿಗೆ ಆ ಜಾಗ ಇಲ್ಲದಿದ್ದರೆ ನಿಮ್ಮ ಬ್ಲಾಗ್ ಬೇಡ. ವರ್ಡ್‌ಪ್ರೆಸ್‌ನಲ್ಲಿ ಎರಡು ಅಥವಾ ಹೆಚ್ಚು ಲಿಂಕ್ ಇರುವ ಕಾಮೆಂಟನ್ನು ತಡೆದು ನಿಲ್ಲಿಸುವ ಸೆಟ್ಟಿಂಗ್ ಮೊದಲೇ ಇರುತ್ತದೆ. ನಾನು ಅದನ್ನು ಒಂದಕ್ಕೆ ಇಳಿಸುತ್ತೇನೆ. ಹಳೆಯ ಬರಹಗಳಿಗೆ ಕಾಮೆಂಟ್ ಮುಚ್ಚುವ ಸೌಲಭ್ಯವೂ ಇದೆ, ಆದರೆ ಸಾಹಿತ್ಯದ ಸೈಟುಗಳಿಗೆ ಅದು ಬೇಡ. ಹಳೆಯ ಕವಿತೆಗೆ ಹೊಸ ಓದುಗ ಯಾವಾಗ ಬೇಕಾದರೂ ಬರಬಹುದು. ಬೇರೆ ಸೈಟು ನಿಮಗೆ ಲಿಂಕ್ ಕೊಟ್ಟಿದೆ ಅಂತ ಕಾಮೆಂಟಿನ ಜಾಗಕ್ಕೆ ಬರುವ ಸೂಚನೆಗಳಾದ ಪಿಂಗ್‌ಬ್ಯಾಕ್, ಟ್ರ್ಯಾಕ್‌ಬ್ಯಾಕ್ ಮಾತ್ರ ಸುಮ್ನೆ ಆಫ್ ಮಾಡಿ.

ಹಿಂದೆ ಡುಫಾಲೋ ಪ್ಲಗಿನ್ ಹಾಕಿಕೊಂಡಿದ್ದವರು ಅದು ಇನ್ನೂ ಇದೆಯಾ ನೋಡಿ. ಇದ್ದರೆ ತೆಗೆಯಿರಿ, ಬಹುತೇಕ ಲಿಂಕುಗಳು ಸರಿಹೋಗುತ್ತವೆ. ಒಂದು ಸಣ್ಣ ತೊಡಕಿದೆ. ಹೆಸರಿನ ಮೇಲಿನ ಲಿಂಕಿಗೆ ವರ್ಡ್‌ಪ್ರೆಸ್ ನೋಫಾಲೋ ಸೇರಿಸುವುದು ಪುಟ ತೋರಿಸುವಾಗ. ಕಾಮೆಂಟಿನ ಒಳಗೆ ಬರೆದ ಲಿಂಕಿಗಾದರೆ ಕಾಮೆಂಟ್ ಉಳಿಸುವಾಗಲೇ. ಹಾಗಾಗಿ ಬೇರೆ ಕಡೆಯಿಂದ ತಂದು ತುಂಬಿಸಿದ ಹಳೆಯ ಕಾಮೆಂಟುಗಳ ಒಳಗಿನ ಲಿಂಕುಗಳು ನೋಫಾಲೋ ಇಲ್ಲದೆ ಉಳಿದಿರಬಹುದು. ಸೈಟನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಿದ್ದರೆ ಡೇಟಾಬೇಸಿನಲ್ಲಿ ಅಂಥವನ್ನು ಹುಡುಕಿಸಿ. ಸೈಟ್ ನೋಡಿಕೊಳ್ಳುವವರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಅದೇ ಪಟ್ಟಿಯಲ್ಲಿ ರಮ್ಮಿ, ಕ್ಯಾಸಿನೋ ಆಗಿಹೋದ ಡೊಮೇನುಗಳು ಸಿಕ್ಕರೆ ಲಿಂಕ್ ಮಾತ್ರ ಅಳಿಸಿ, ಕಾಮೆಂಟ್ ಹಾಗೇ ಇರಲಿ.