ಕತ್ತರಿಸಿದ ಸದ್ದಿಗೆ ಒಡೆಯರು ಯಾರು?

1991ರಲ್ಲಿ ಅಮೆರಿಕದಲ್ಲಿ ಬಂದ ಒಂದು ರೆಕಾರ್ಡಿನ ಹೊದಿಕೆಯ ಮೇಲೆ ದೊಡ್ಡದಾಗಿ 'ಯು2' ಎಂದಿತ್ತು. ಅದನ್ನು ಮಾಡಿದ ತಂಡದ ಹೆಸರು, ನೆಗೆಟಿವ್‌ಲ್ಯಾಂಡ್, ಸಣ್ಣ ಅಕ್ಷರಗಳಲ್ಲಿತ್ತು. ಒಳಗೆ ಐರ್ಲೆಂಡಿನ ಹೆಸರಾಂತ ರಾಕ್ ಬ್ಯಾಂಡ್ ಯು2ರ ಹಾಡಿನ ತುಣುಕುಗಳು. ಜೊತೆಗೆ ಹೆಸರಾಂತ ರೇಡಿಯೊ ನಿರೂಪಕ ಕೇಸಿ ಕೇಸಮ್ ಸ್ಟುಡಿಯೊದಲ್ಲಿ ಸಿಟ್ಟಿನಿಂದ ಬೈದಾಡಿದ ಮಾತುಗಳು. ಯು2ರ ಕಂಪನಿ ಐಲ್ಯಾಂಡ್ ರೆಕಾರ್ಡ್ಸ್ ಕೂಡಲೇ ಕೋರ್ಟಿಗೆ ಹೋಯಿತು. ರೆಕಾರ್ಡನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಈ ಖರ್ಚು ಯಾರ ತಲೆಗೆ ಎಂದು ತಂಡಕ್ಕೂ ಅದರದೇ ರೆಕಾರ್ಡ್ ಕಂಪನಿ ಎಸ್‌ಎಸ್‌ಟಿಗೂ ಇನ್ನೊಂದು ಜಗಳ ಹತ್ತಿತು.

ಇದು ಹುಡುಗಾಟವಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಈ ತಂಡ 1980ರಲ್ಲೇ ಮೊದಲ ಆಲ್ಬಂ ತಂದಿತ್ತು. ಪ್ರತಿಯೊಂದು ಹೊದಿಕೆಯನ್ನೂ ಕೈಯಿಂದಲೇ ಮಾಡಿದ್ದರು. ಆಮೇಲೆ ಸೇರಿದ ಡಾನ್ ಜಾಯ್ಸ್, ಬರ್ಕ್ಲಿಯ ಕೆಪಿಎಫ್‌ಎ ರೇಡಿಯೊದಲ್ಲಿ 'ಓವರ್ ದ ಎಡ್ಜ್' ಕಾರ್ಯಕ್ರಮ ನಡೆಸುತ್ತಿದ್ದರು. ಜಾಹೀರಾತು, ಸುದ್ದಿ, ಭಾಷಣಗಳ ಟೇಪ್ ತುಣುಕುಗಳನ್ನು ನೇರ ಪ್ರಸಾರದಲ್ಲೇ ಬೆರೆಸುತ್ತಿದ್ದರು. ಫೋನ್ ಮಾಡಿದ ಕೇಳುಗರ ದನಿಯೂ ಅದರಲ್ಲೇ ಸೇರಿಕೊಳ್ಳುತ್ತಿತ್ತು. ತಂಡದ ನಿಜವಾದ ಶಾಲೆ ಈ ರೇಡಿಯೊ ಎಂದೇ ನನಗೆ ಅನ್ನಿಸುತ್ತದೆ.

ಮೊಕದ್ದಮೆಯ ನಂತರ ನಡೆದದ್ದು ಇನ್ನೂ ಸ್ವಾರಸ್ಯ. 1992ರಲ್ಲಿ ಒಂದು ಪತ್ರಿಕೆಗಾಗಿ ಯು2ರ ಗಿಟಾರ್ ವಾದಕ ಎಡ್ಜ್ ಅವರ ಸಂದರ್ಶನವಿತ್ತು. ಪ್ರಶ್ನೆ ಕೇಳುವವರಲ್ಲಿ ನೆಗೆಟಿವ್‌ಲ್ಯಾಂಡ್‌ನವರೂ ಇದ್ದಾರೆಂದು ಎಡ್ಜ್‌ಗೆ ಮೊದಲು ಗೊತ್ತಿರಲಿಲ್ಲ. ಆ ಹೊತ್ತಿಗೆ ಯು2ರ 'ಝೂ ಟಿವಿ' ಪ್ರವಾಸದಲ್ಲಿ ಉಪಗ್ರಹ ಟಿವಿಯ ದೃಶ್ಯಗಳನ್ನು ಹಿಡಿದು ವೇದಿಕೆಯ ಪರದೆಗಳ ಮೇಲೆ ತೋರಿಸುತ್ತಿದ್ದರು. ಕೆಲಸ ಒಂದೇ ಅಲ್ವಾ? ಒಬ್ಬರಿಗೆ ಕೋರ್ಟು, ಇನ್ನೊಬ್ಬರಿಗೆ ಕ್ರೀಡಾಂಗಣ. ತಾವು ಯಾರೆಂದು ಹೇಳಿದ ಮೇಲೆ ನೆಗೆಟಿವ್‌ಲ್ಯಾಂಡ್‌ನವರು ಎಡ್ಜ್ ಹತ್ತಿರ ಸಾಲವನ್ನೂ ಕೇಳಿದರು.

ಕಾನೂನಿನ ಏಟು ತಿಂದವರು ಕಾನೂನನ್ನೇ ಓದಲು ಕೂತರು. ಮೊಕದ್ದಮೆಯ ಕಾಗದಪತ್ರಗಳನ್ನೆಲ್ಲ ಸೇರಿಸಿ 1995ರಲ್ಲಿ ಪುಸ್ತಕ ತಂದರು. ಟೀಕೆ, ವ್ಯಂಗ್ಯ, ಹೊಸ ಕಲೆಗಾಗಿ ಬೇರೆಯವರ ತುಣುಕು ಬಳಸಲು ಅವಕಾಶ ಇರಬೇಕು ಎಂದು ವಾದಿಸಿದರು. ಈ ವಾದ ಸರಿ ಎಂದು ನಾನು ಪೂರ್ತಿ ನಂಬುತ್ತೇನೆ. ದಿನವಿಡೀ ನಮ್ಮ ಕಿವಿಗೆ ಜಾಹೀರಾತು ಸುರಿಯುವವರಿಗೆ, ಅದೇ ಸದ್ದಿನಿಂದ ಉತ್ತರ ಕೊಡಬೇಡಿ ಎನ್ನುವ ಹಕ್ಕು ಎಲ್ಲಿಂದ ಬಂತು?

1997ರಲ್ಲಿ ಪೆಪ್ಸಿಯಂಥ ತಂಪು ಪಾನೀಯದ ಜಾಹೀರಾತುಗಳನ್ನೇ ಕತ್ತರಿಸಿ 'ಡಿಸ್ಪೆಪ್ಸಿ' ಆಲ್ಬಂ ಮಾಡಿದರು. ಮೊಕದ್ದಮೆಯ ಭಯಕ್ಕೆ ಹೊದಿಕೆಯ ಮೇಲೆ ಆಲ್ಬಂ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿದ್ದರು. ಪೆಪ್ಸಿ ಕೋರ್ಟಿಗೆ ಹೋಗಲಿಲ್ಲ. ಮುಂದೆ, ಕೃತಿಗಳನ್ನು ಮುಕ್ತವಾಗಿ ಹಂಚಿಕೊಳ್ಳಲು ಪರವಾನಗಿಗಳನ್ನು ರೂಪಿಸುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ತುಣುಕು ಬಳಕೆಗೆ ಪರವಾನಗಿ ರೂಪಿಸುವಾಗ ಇವರ ನೆರವನ್ನೇ ಪಡೆಯಿತು.

ಜಾಯ್ಸ್ 2015ರಲ್ಲಿ ತೀರಿಕೊಂಡರು. ಅವರ ರೇಡಿಯೊ ಕಾರ್ಯಕ್ರಮದ ನೂರಾರು ಕಂತುಗಳು ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಆಲ್ಬಂಗಳಿಗಿಂತ ಮೊದಲು ಅವನ್ನೇ ಕೇಳಿ.